ಸರಕಿಲ್ಲದ ಗೂಡ್ಸ್ ಗಾಡಿಗೆ ಏನನ್ನೋಣ? ಜೊತೆಗೆ ಉಗಿ, ಹಬೆ, ಹೊಗೆ

ಬಳಗದ ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿರುವ ಗೆಳೆಯರೊಬ್ಬರು ಹಳೇ ರೈಲುಗಳ ವಿಡಿಯೊ ಮಾಡುತ್ತಾರೆ. ಅದರಲ್ಲಿ ಒಂದಕ್ಕೆ ಕನ್ನಡದಲ್ಲಿ ಹಿನ್ನೆಲೆ ಮಾತು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಬರೆಯುತ್ತಾ ಹೋದಂತೆ ಕೆಲವು ಪದಗಳ ಹತ್ತಿರ ಗಾಡಿ ನಿಂತುಬಿಟ್ಟಿದೆ. ನಿಘಂಟು ನೋಡಿದರೆ ಬಗೆಹರಿಯುವ ತೊಂದರೆಯಲ್ಲ ಇದು. ಬಳಸುವವರ ಬಾಯಲ್ಲಿ ಏನಿದೆ ಅಂತ ಗೊತ್ತಾಗಬೇಕು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮೊದಲು ಆ ರೈಲಿನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಕೊಲೊರಾಡೊ ಮತ್ತು ನ್ಯೂ ಮೆಕ್ಸಿಕೊ ರಾಜ್ಯಗಳ ಗಡಿಯಲ್ಲಿ ಕಂಬ್ರೆಸ್ ಅಂಡ್ ಟೋಲ್ಟೆಕ್ ಅನ್ನುವ ಮಾರ್ಗ ಇದೆ. ಹಳಿಗಳ ನಡುವೆ ಬರೀ 3 ಅಡಿ. ಚಾಮಾ ಅನ್ನುವ ಊರಿನಿಂದ ಆಂಟೊನಿಟೊವರೆಗೆ 64 ಮೈಲಿ. ಅಷ್ಟರಲ್ಲೇ ಗಡಿಯನ್ನು 11 ಸಲ ದಾಟುತ್ತದೆ. 1880ರಲ್ಲಿ ಬೆಳ್ಳಿ ಗಣಿಗಳ ಕಡೆ ಹೋಗೋಣ ಅಂತ ಡೆನ್ವರ್ ಅಂಡ್ ರಿಯೊ ಗ್ರಾಂಡೆ ಕಂಪನಿ ಹಾಕಿದ ಮಾರ್ಗ. ಆಮೇಲೆ ಅದರ ಮೇಲೆ ಮರ ಹೋಯಿತು, ಕುರಿ ದನ ಹೋದವು, ಕಚ್ಚಾ ಎಣ್ಣೆ ಹೋಯಿತು. 1950ರ ದಶಕದಲ್ಲಿ ಎಣ್ಣೆ ಬಾವಿಗಳಿಗೆ ಬೇಕಾದ ಪೈಪುಗಳು ಹೋದವು. 1968ಕ್ಕೆ ಗೂಡ್ಸ್ ಓಡಾಟ ನಿಂತಿತು. ಹಳಿ ಕಿತ್ತು ಮಾರುವ ಮೊದಲೇ, 1970ರಲ್ಲಿ, ಎರಡೂ ರಾಜ್ಯಗಳು ಸೇರಿ ಈ ತುಂಡನ್ನು ಇಂಜಿನ್, ವ್ಯಾಗನ್ ಸಮೇತ ಕೊಂಡುಕೊಂಡವು. ಮರುವರ್ಷದಿಂದ ಪ್ರವಾಸಿಗರ ರೈಲು ಓಡುತ್ತಿದೆ.

ಈಗ ಮೊದಲ ಪ್ರಶ್ನೆ. ಅಲ್ಲಿ ಆಗಾಗ ಫೋಟೋ, ವಿಡಿಯೊ ತೆಗೆಯುವವರಿಗಾಗಿಯೇ ಒಂದು ವಿಶೇಷ ಗಾಡಿ ಓಡಿಸುತ್ತಾರೆ. ಹಳೇ ಮುಚ್ಚಿದ ವ್ಯಾಗನ್, ತೆರೆದ ವ್ಯಾಗನ್, ಕುರಿ ದನ ಸಾಗಿಸುತ್ತಿದ್ದ ಪಟ್ಟಿ ಹೊಡೆದ ವ್ಯಾಗನ್, ಎಣ್ಣೆ ಟ್ಯಾಂಕು, ಕೊನೆಗೆ ಗಾರ್ಡ್ ಡಬ್ಬಿ. ಎಲ್ಲವನ್ನೂ 1950ರ ಗಾಡಿಯ ಹಾಗೇ ಜೋಡಿಸುತ್ತಾರೆ. ಈ ವ್ಯಾಗನ್‌ಗಳ ಬಣ್ಣ, ಮರಗೆಲಸ, ಬರಹ ಎಲ್ಲ ಸರಿ ಮಾಡುವುದು ಬಹುಪಾಲು ಸ್ವಯಂಸೇವಕರು. 1988ರಲ್ಲಿ ಹುಟ್ಟಿದ ಅವರ ಸಂಘವೇ ಒಂದಿದೆ. ಆದರೆ ಗಾಡಿ ಪೂರ್ತಿ ಖಾಲಿ. ಏನನ್ನೂ ಎಲ್ಲಿಗೂ ಸಾಗಿಸುವುದಿಲ್ಲ. ಅವರು ಇದನ್ನು ಫೋಟೋ ಫ್ರೈಟ್ ಅನ್ನುತ್ತಾರೆ.

ನಾನು ಮೊದಲು "ಸರಕು ಸಾಗಣೆ ರೈಲು" ಅಂತ ಬರೆದೆ. ಓದಿದರೆ ಸುಳ್ಳು ಹೇಳಿದ ಹಾಗಾಯಿತು. ಸರಕೂ ಇಲ್ಲ, ಸಾಗಣೆಯೂ ಇಲ್ಲ. "ಅಣಕು ಸರಕು ರೈಲು" ಅಂದರೆ ಗೇಲಿ ಮಾಡಿದ ಹಾಗೆ. ಇಂಜಿನ್ ನಿಜ, ವ್ಯಾಗನ್ ನಿಜ, ಏರು ನಿಜ. ಕೊನೆಗೆ "ಗೂಡ್ಸು" ಅಂದರೇ ಸರಿ ಅನ್ನಿಸಿತು. ನಮ್ಮಲ್ಲಿ ಗೂಡ್ಸು ಅಂದರೆ ಮಾಲು ಅಂತ ಯಾರೂ ಯೋಚಿಸುವುದಿಲ್ಲ. "ಗೇಟ್ ಹಾಕಿದಾರೆ, ಗೂಡ್ಸ್ ಬರ್ತಿದೆ" ಅಂದರೆ ಅದೊಂದು ಬಗೆಯ ಗಾಡಿ, ಅಷ್ಟೇ. ಖಾಲಿ ಹೋಗುತ್ತಿದ್ದರೂ ಅದು ಗೂಡ್ಸೇ. ಆ ಪದ ನಮ್ಮ ಬಾಯಿಗೆ ಬಂದಮೇಲೆ ತನ್ನ ಹೊರೆ ಇಳಿಸಿಬಿಟ್ಟಿದೆ. ಫ್ರೈಟ್ ಅಂತ ಕನ್ನಡ ಅಕ್ಷರದಲ್ಲಿ ಬರೆಯುವುದಕ್ಕಿಂತ ಇದೇ ಮೇಲು. ಅಮೆರಿಕದವರು ಫ್ರೈಟ್ ಅನ್ನಲಿ, ನಮಗೆ ಬ್ರಿಟಿಷರ ಕಾಲದಿಂದ ಬಂದಿರುವುದು ಗೂಡ್ಸ್. ನಮ್ಮ ಮೀಟರ್ ಗೇಜಿನ ವೈಜಿ ಇಂಜಿನ್ ಹೆಸರಿನಲ್ಲಿ 'ಜಿ' ಇರುವುದೂ ಗೂಡ್ಸಿನ ಲೆಕ್ಕಕ್ಕೇ.

ವೈಜಿ ನೆನಪಾಗಿದ್ದು ಸುಮ್ನೆ ಅಲ್ಲ. ವಿಡಿಯೊದಲ್ಲಿರುವುದು ಕೆ-36 ಅನ್ನುವ ಇಂಜಿನ್. 1925ರಲ್ಲಿ ಬಾಲ್ಡ್‌ವಿನ್ ಕಾರ್ಖಾನೆಯಲ್ಲಿ ಇಂಥ 10 ಕಟ್ಟಿದರು. ವೈಜಿಗೂ ಇದಕ್ಕೂ ಗಾಲಿಗಳ ಜೋಡಣೆ ಒಂದೇ. ಮುಂದೆ 2 ಸಣ್ಣ ಗಾಲಿ, ನಡುವೆ ಎಳೆಯುವ 8 ಗಾಲಿ, ಹಿಂದೆ 2. ಈ ಜೋಡಣೆಗೆ ಮಿಕಾಡೊ ಅಂತ ಹೆಸರು. ಬಾಲ್ಡ್‌ವಿನ್ ಇಂಥ ಇಂಜಿನ್‌ಗಳನ್ನು ಮೊದಲ ದಿನಗಳಲ್ಲಿ ಜಪಾನಿಗೆ ಕಳಿಸಿತ್ತು, ಮಿಕಾಡೊ ಅಂದರೆ ಜಪಾನಿನ ಚಕ್ರವರ್ತಿ. ಕೆ-36ರ 'ಕೆ' ಆ ಮಿಕಾಡೊದ್ದು. 36 ಅಂದರೆ 36,200 ಪೌಂಡ್ ಎಳೆಯುವ ಶಕ್ತಿ. ಹೆಸರಿಗೆ ಸಾಮ್ರಾಟ, ಕೆಲಸಕ್ಕೆ ಹಮಾಲಿ.

ಗೂಡ್ಸಿನ ಬಗ್ಗೆ ನನ್ನ ತೀರ್ಮಾನ ಹೆಚ್ಚುಕಡಿಮೆ ಆಗಿದೆ. "ಫೋಟೋಗೆ ಬಿಟ್ಟ ಗೂಡ್ಸು" ಅಂತ ಒಂದು ಸಲ ಬಿಡಿಸಿ ಹೇಳಿ, ಆಮೇಲೆ ಬರೀ ಗೂಡ್ಸು ಅನ್ನುತ್ತೇನೆ. ಬೇಡ ಅನ್ನುವವರು ಇದ್ದರೆ ಹೇಳಿ.

ಇನ್ನು ನಿಜವಾದ ಕಷ್ಟ. ಉಗಿ, ಹಬೆ, ಆವಿ, ಹೊಗೆ.

ನಾವು ಉಗಿಬಂಡಿ ಅಂತಲೂ ಅನ್ನುತ್ತೇವೆ, ಹೊಗೆಬಂಡಿ ಅಂತಲೂ ಅನ್ನುತ್ತೇವೆ. ಹಳೇ ಬರಹಗಳಲ್ಲಿ ಧೂಮಶಕಟ ಅಂತಲೂ ಇದೆ. ರೈಲು ಅನ್ನುವ ಅರ್ಥಕ್ಕೆ ಎಲ್ಲ ಒಂದೇ, ಯಾವುದಾದರೂ ಆಗುತ್ತೆ. ಆದರೆ ವಿಡಿಯೊ ನೋಡುತ್ತಾ ಮಾತಾಡುವಾಗ ಆಗುವುದಿಲ್ಲ. ತೆರೆಯ ಮೇಲೆ ಕಪ್ಪು ಮೋಡ ಒಂದಿದೆ, ಬಿಳಿ ಮೋಡ ಒಂದಿದೆ. ಎರಡೂ ಬೇರೆ ಬೇರೆ ಕಡೆಯಿಂದ ಬಂದದ್ದು. ನೋಡುವವರಿಗೆ ಅದನ್ನು ತಿಳಿಸುವುದೇ ಈ ಮಾತಿನ ಕೆಲಸ.

ನಡೆಯುವುದು ಹೀಗೆ. ಕಲ್ಲಿದ್ದಲು ಉರಿದು ಚಿಮಣಿಯಿಂದ ಹೊಗೆ ಬರುತ್ತೆ. ಬಾಯ್ಲರ್ ಒಳಗೆ ನೀರು ಕಾದು ಇಂಗ್ಲಿಷಿನ ಸ್ಟೀಮ್ ಆಗಿ (ಹೆಸರು ಆಮೇಲೆ ಇಡೋಣ, ಸದ್ಯಕ್ಕೆ "ಅದು" ಅನ್ನುತ್ತೇನೆ), ಚದರ ಇಂಚಿಗೆ 195 ಪೌಂಡ್ ಒತ್ತಡದಲ್ಲಿ ಕೂತಿರುತ್ತೆ. ಅದು ಸಿಲಿಂಡರಿಗೆ ಹೋಗಿ ಪಿಸ್ಟನ್ ತಳ್ಳುತ್ತೆ. ತಳ್ಳಿ ಮುಗಿದ ಮೇಲೆ ಹೊರಗೆ ಬಿಡುವುದೂ ಅದೇ ಚಿಮಣಿಯಿಂದ. ಹಾಗೆ ರಭಸದಿಂದ ಹೊರಡುವಾಗ ಅದು ಹೊಗೆಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತೆ. ಅದರಿಂದ ಒಲೆಗೆ ಗಾಳಿ ಜಾಸ್ತಿ ಸಿಗುತ್ತೆ. ಇಂಜಿನ್ ಎಷ್ಟು ಕಷ್ಟಪಟ್ಟು ಎಳೆಯುತ್ತದೋ ಬೆಂಕಿ ಅಷ್ಟು ಜೋರಾಗುತ್ತೆ. ಯಾರೋ ಜಾಣರು ಕಂಡುಹಿಡಿದದ್ದು. ನಮ್ಮ ಪದಚರ್ಚೆಗೆ ಮಾತ್ರ ಇದೇ ತೊಡಕು. ಚಿಮಣಿ ಮೇಲೆ ಕಾಣುವುದು ಎರಡೂ ಬೆರೆತದ್ದು.

ಇನ್ನೂ ಒಂದು ಸೂಕ್ಷ್ಮ ಇದೆ. ಒತ್ತಡದಲ್ಲಿರುವ ಅದು ಕಣ್ಣಿಗೆ ಕಾಣುವುದೇ ಇಲ್ಲ. ಸೇಫ್ಟಿ ವಾಲ್ವ್ ತೆರೆದಾಗ ಗಮನಿಸಿ ನೋಡಿದರೆ ಬಾಯಿಯ ಹತ್ತಿರ ಸ್ವಲ್ಪ ಜಾಗ ಖಾಲಿ ಇರುತ್ತೆ. ಅದರ ಮೇಲಿಂದ ಬಿಳಿ ಶುರುವಾಗುತ್ತೆ. ಬಿಳಿಯಾಗಿ ಕಾಣುವುದು ತಣ್ಣಗಿನ ಗಾಳಿ ತಗುಲಿ ಮತ್ತೆ ನೀರಿನ ಸಣ್ಣ ಹನಿಗಳಾದದ್ದು. ಅದಕ್ಕೇ ವಿಡಿಯೊದವರು ಚಳಿಗೆ ಕಾಯುತ್ತಾರೆ. ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿ ಆಸ್ಪೆನ್ ಮರಗಳ ಎಲೆ ಹಳದಿಯಾಗುತ್ತೆ, ಬೆಳಗ್ಗೆ ಇಬ್ಬನಿ ಹೆಪ್ಪುಗಟ್ಟಿರುತ್ತೆ. ಅಂಥ ಬೆಳಗ್ಗೆ ಬಿಳಿ ಮೋಡ ಗಾಡಿಯ ಉದ್ದಕ್ಕೂ ಹಿಂದೆ ಎಳೆದುಕೊಂಡು ಹೋಗುತ್ತೆ. ಮಧ್ಯಾಹ್ನ ಬಿಸಿಲೇರಿದರೆ ಅದೇ ಇಂಜಿನ್, ಅದೇ ಏರು, ಬಿಳಿ ಮಾತ್ರ ಅರ್ಧಕ್ಕರ್ಧ ಮಾಯ.

ಹಾಗಾದರೆ ಯಾವುದಕ್ಕೆ ಯಾವ ಪದ? ನನ್ನ ಕಿವಿಗೆ ಹಬೆ ಅಂದರೆ ಕಾಣುವುದು. ಇಡ್ಲಿ ಪಾತ್ರೆ ಮುಚ್ಚಳ ತೆಗೆದಾಗ ಮುಖಕ್ಕೆ ಬರುವುದು ಹಬೆ. ಅನ್ನ ಹಬೆಯಾಡುತ್ತಿದೆ ಅಂದರೆ ಕಣ್ಣಿಗೆ ಕಾಣುತ್ತಿದೆ ಅಂತಲೇ. ಉಗಿ ಅಂದಾಗ ಶಕ್ತಿ ನೆನಪಾಗುತ್ತೆ. ಉಗಿಯಂತ್ರ, ಉಗಿಬಂಡಿ. ಆವಿ ಅಂದರೆ ಇಲ್ಲವಾಗುವುದು. ನೀರು ಆವಿಯಾಯಿತು ಅಂದರೆ ಹೋಯಿತು ಅಂತ. ಶಾಲೆಯ ಪುಸ್ತಕಗಳಲ್ಲಿ ಇವೆಲ್ಲ ಒಂದರ ಬದಲು ಒಂದು ಬಂದುಬಿಡುತ್ತವೆ. ಅಲ್ಲಿ ಅದರಿಂದ ನಷ್ಟವಿಲ್ಲ. ನನಗೆ ಇಲ್ಲಿ ಬೇರೆ ಮಾಡಲೇಬೇಕು. ಬಾಯ್ಲರ್ ಒಳಗಿನದು ಉಗಿ, ಹೊರಗೆ ಬಂದು ಬೆಳ್ಳಗೆ ಕಾಣುವುದು ಹಬೆ, ಕಲ್ಲಿದ್ದಲಿನದು ಹೊಗೆ. ಹೀಗೆ ಬರೆದಿದ್ದೇನೆ. ಧಾರವಾಡ, ಕಲಬುರಗಿ ಕಡೆಯವರಿಗೂ ಹಬೆ, ಉಗಿ ಹೀಗೇ ಕೇಳಿಸುತ್ತವೆಯೇ? ಇದು ಬರೀ ಹಳೇ ಮೈಸೂರಿನ ಕಿವಿಯೋ ಏನೋ.

ಉಗಿಯ ಜೊತೆ ಇನ್ನೊಂದು ತಮಾಷೆ ಇದೆ. ಅದನ್ನು ಕ್ರಿಯಾಪದ ಮಾಡುವ ಹಾಗಿಲ್ಲ. ಹೊರಡುವ ಮೊದಲು ಸಿಲಿಂಡರಿನಲ್ಲಿ ನಿಂತ ನೀರನ್ನು ಹೊರಗೆ ತಳ್ಳಲು ಪಕ್ಕದ ಕಾಕ್‌ಗಳನ್ನು, ಅಂದರೆ ಸಣ್ಣ ನಲ್ಲಿಗಳನ್ನು, ತೆರೆಯುತ್ತಾರೆ. ಎರಡೂ ಕಡೆ ಬುಸ್ ಅಂತ ಬರುತ್ತೆ. "ಇಂಜಿನ್ ಎಡಕ್ಕೂ ಬಲಕ್ಕೂ ಉಗಿಯಿತು" ಅಂತ ಬರೆದು ನಾನೇ ನಕ್ಕೆ. ಡ್ರೈವರನ್ನೋ ಫೋಟೋದವರನ್ನೋ ಚೆನ್ನಾಗಿ ಬೈದ ಹಾಗಿದೆ ಅಲ್ವಾ? ಅದಕ್ಕೆ "ಹಬೆ ಬಿಟ್ಟಿತು" ಅಂತ ಸಪ್ಪೆಯಾಗಿ ಬರೆದು ಸುಮ್ಮನಾದೆ.

ಹೊಗೆಯ ಬಗ್ಗೆ ಒಂದು ಮಾತು ಸೇರಿಸಲೇಬೇಕು, ಯಾಕಂದರೆ ಅದರಲ್ಲಿ ನಾಟಕ ಇದೆ. ಬೆಂಕಿ ಸರಿಯಾಗಿ ಉರಿಯುತ್ತಿದ್ದರೆ ಹೊಗೆ ತೆಳ್ಳಗೆ, ಬೂದು ಬಣ್ಣ. ಗಟ್ಟಿ ಕಪ್ಪು ಹೊಗೆ ಅಂದರೆ ಕಲ್ಲಿದ್ದಲು ಪೂರ್ತಿ ಉರಿಯದೆ ಚಿಮಣಿಯಲ್ಲಿ ಹಾರಿಹೋಗುತ್ತಿದೆ ಅಂತ. ಗೂಡ್ಸ್ ನಿಜಕ್ಕೂ ಓಡುತ್ತಿದ್ದ ಕಾಲದಲ್ಲಿ ಹಾಗೆ ಹೊಗೆ ಎಬ್ಬಿಸುವುದು ಒಲೆಗೆ ಕಲ್ಲಿದ್ದಲು ಹಾಕುವ ಫೈರ್‌ಮನ್‌ಗೆ ಹೆಸರು ತರುವ ಕೆಲಸ ಆಗಿರಲಿಲ್ಲ. ಈಗ ಕ್ಯಾಮೆರಾ ಸಾಲಿನ ಹತ್ತಿರ ಬರುತ್ತಿದ್ದಂತೆ ಬೇಕೆಂದೇ ನಾಲ್ಕು ಸಲಿಕೆ ಜಾಸ್ತಿ ಎಸೆಯುತ್ತಾರೆ. ಕಪ್ಪು ಹೊಗೆ ಇಲ್ಲದ ಚಿತ್ರ ಯಾರಿಗೂ ಬೇಡ. ನನಗೆ ಮಾತ್ರ ಆ ಕಪ್ಪಿಗಿಂತ ತೆಳು ಹೊಗೆಯ ಮೇಲೆ ಏರುವ ಬಿಳಿ ಹಬೆಯೇ ಚೆಂದ ಕಾಣುತ್ತೆ. ಇರಲಿ, ಅದು ನನ್ನ ರುಚಿ.

ಮೂರನೇ ಪ್ರಶ್ನೆ, ಅವರು ರನ್‌ಬೈ ಅನ್ನುವುದು. ಗಾಡಿ ಒಂದು ತಿರುವಿನಲ್ಲಿ ನಿಲ್ಲುತ್ತೆ. ಕ್ಯಾಮೆರಾದವರು ಇಳಿದು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಒಬ್ಬರು ಒಂದು ಹೆಜ್ಜೆ ಮುಂದೆ ಹೋದರೂ ಹಿಂದಿನವರಿಂದ ಬೈಗುಳ. ಇಂಜಿನ್ ಮೂರು ಸಲ ಗಿಡ್ಡವಾಗಿ ಕೂಗುತ್ತೆ, ಅಂದರೆ ಹಿಂದಕ್ಕೆ ಹೋಗುತ್ತೇನೆ ಅಂತ. ತಿರುವಿನ ಆಚೆ ಮರೆಯಾಗುತ್ತೆ. ಆಮೇಲೆ ಎರಡು ಉದ್ದ ಕೂಗು, ಮುಂದಕ್ಕೆ. ಪೂರ್ತಿ ಶಕ್ತಿ ಹಾಕಿ ಎಲ್ಲರ ಮುಂದೆ ಹಾದು ಹೋಗಿ ನಿಂತು, ಮತ್ತೆ ಹಿಂದೆ ಬಂದು ಜನರನ್ನು ಹತ್ತಿಸಿಕೊಳ್ಳುತ್ತೆ. ಒಂದೊಂದು ಕಡೆ ಇದು ಎರಡೆರಡು ಸಲ.

"ಹಾಯುವಿಕೆ" ಬೇಡ, ಯಾರೂ ಹಾಗೆ ಮಾತಾಡುವುದಿಲ್ಲ. ಸಿನಿಮಾದವರ "ಟೇಕ್" ಎಲ್ಲರಿಗೂ ಗೊತ್ತು. ಆದರೆ ಅದು ಕ್ಯಾಮೆರಾದ ಲೆಕ್ಕ, ಗಾಡಿಯ ಲೆಕ್ಕ ಅಲ್ಲ. ನಾನು ಸದ್ಯಕ್ಕೆ "ಓಟ" ಅಂತ ಇಟ್ಟುಕೊಂಡಿದ್ದೇನೆ. ಮೊದಲ ಓಟ, ಎರಡನೇ ಓಟ. ಕರಾವಳಿಯ ಗೆಳೆಯರೊಬ್ಬರು ಯಕ್ಷಗಾನ ನೆನೆದು "ಒಡ್ಡೋಲಗ ಅಂದುಬಿಡಿ, ಬಣ್ಣದ ವೇಷವೂ ಹೀಗೇ ಮರೆಯಲ್ಲಿ ಅಬ್ಬರಿಸಿ ಆಮೇಲೆ ರಂಗಕ್ಕೆ ಬರೋದು" ಅಂದರು. ಕೇಳಲು ಚೆನ್ನಾಗಿದೆ. ಆದರೆ ಘಟ್ಟದ ಮೇಲಿನವರಿಗೆ ವಿವರಿಸುತ್ತಾ ಕೂರುವಷ್ಟರಲ್ಲಿ ಗಾಡಿ ಹೋಗಿರುತ್ತೆ.

ಅಂದಹಾಗೆ, ಇಂಜಿನ್ "ಕೂಗುತ್ತೆ" ಅಂತ ಬರೆದದ್ದು ಬೇಕೆಂದೇ. ಶಿಳ್ಳೆ ಹಾಕಿತು, ಸೀಟಿ ಊದಿತು ಅಂತೆಲ್ಲ ಬರೆಯುವವರಿದ್ದಾರೆ. ನಮ್ಮ ಊರುಗಳಲ್ಲಿ ರೈಲು ಕೂಗುತ್ತಿತ್ತು, ಕೋಳಿಯ ಹಾಗೇ.

ಕೊನೆಯದು ಸದ್ದಿನ ಪದ. ಚಾಮಾದಿಂದ ಕಂಬ್ರೆಸ್ ಘಾಟಿಯವರೆಗೆ 14 ಮೈಲಿ ಒಂದೇ ಏರು. 7,863 ಅಡಿಯಿಂದ 10,015 ಅಡಿಗೆ ಹತ್ತಬೇಕು. ಕಡಿದಾದ ಕಡೆ 25 ಅಡಿ ಮುಂದೆ ಹೋದರೆ 1 ಅಡಿ ಮೇಲೆ. ಕ್ಯಾಸಲ್ ರಾಕ್‌ನಿಂದ ಕುಲೆಂಗೆ ಇಳಿಯುವ ನಮ್ಮ ಘಟ್ಟದಲ್ಲಿ 37ಕ್ಕೆ 1, ಸಕಲೇಶಪುರ ಘಟ್ಟದಲ್ಲಿ 50ಕ್ಕೆ 1. ಅಲ್ಲೇ ಗೂಡ್ಸ್ ತಳ್ಳಲು ಹಿಂದೆ ಬೇರೆ ಇಂಜಿನ್ ಬೇಕು. ಬ್ಯಾಂಕರ್ ಅನ್ನುತ್ತಾರೆ ನಮ್ಮ ರೈಲ್ವೆಯವರು. ಈ ವಿಡಿಯೊದಲ್ಲಿ ಮುಂದೆಯೇ ಜೋಡಿ ಇಂಜಿನ್ ಇವೆ. ಗಾಡಿ ಹೋಗುವುದು ಗಂಟೆಗೆ 16 ಕಿ.ಮೀ. ಆಸುಪಾಸು.

ಇಂಥ ಇಂಜಿನ್‌ನಲ್ಲಿ ಗಾಲಿ ಒಂದು ಸುತ್ತು ತಿರುಗಿದರೆ ಚಿಮಣಿಯಿಂದ ಉಗಿ ನುಗ್ಗುವ ಸದ್ದಿನ ನಾಲ್ಕು ಹೊಡೆತ. ಎಳೆಯುವ ಗಾಲಿಯ ಅಡ್ಡಳತೆ 44 ಇಂಚು. ಲೆಕ್ಕ ಹಾಕಿದರೆ ಆ ವೇಗಕ್ಕೆ ಸೆಕೆಂಡಿಗೆ 5 ಹೊಡೆತ. ಎರಡು ಇಂಜಿನ್ ಇದ್ದರೆ ಒಂದರ ಹೊಡೆತ ಇನ್ನೊಂದರ ಜೊತೆ ಒಮ್ಮೆ ಕೂಡಿಕೊಳ್ಳುತ್ತೆ, ಒಮ್ಮೆ ತಪ್ಪುತ್ತೆ. ವಿಡಿಯೊ ಮಾಡುವವರಿಗೆ ಚಿತ್ರದಷ್ಟೇ ಇದೂ ಮುಖ್ಯ. ಗಾಡಿ ದಾಟಿ ಹೋದ ಮೇಲೂ ಸದ್ದು ಪೂರ್ತಿ ಕರಗುವ ತನಕ ಯಾರೂ ಬಾಯಿ ಬಿಡುವ ಹಾಗಿಲ್ಲ. ಫೋಟೋದವರ ಕ್ಯಾಮೆರಾ ಚಟಚಟ ಅಂದರೂ ಮೈಕು ಹಿಡಿದವರಿಗೆ ಸಿಟ್ಟು.

ಆ ಒಂದೊಂದು ಹೊಡೆತಕ್ಕೆ ಕನ್ನಡದಲ್ಲಿ ಹೆಸರೇನು? ಚುಕುಬುಕು ಇದೆ, ಆದರೆ ಅದು ಮಕ್ಕಳ ಆಟದ ರೈಲು, ಬಯಲಲ್ಲಿ ಹಗುರಾಗಿ ಓಡುವಂಥದ್ದು. ಏರಿನಲ್ಲಿ ಏದುಸಿರು ಬಿಡುವ ಇಂಜಿನ್‌ಗೆ ಹೊಂದುವುದಿಲ್ಲ. ಭುಸುಗುಟ್ಟು ಅಂದರೆ ಹಾವು ಬರುತ್ತೆ, ಅದೂ ಒಂದೇ ಉಸಿರಿನ ಸದ್ದು. ಏದುಸಿರು ಚೆನ್ನಾಗಿದೆ, ಎಣಿಸಲು ಬರುವುದಿಲ್ಲ. "ಹೊಡೆತ" ಅಂತ ಬರೆದಿರುವುದು ಬೇರೆ ಸಿಗದೆ. ಅನುಕರಣ ಪದಗಳಿಗೆ ನಮ್ಮಲ್ಲಿ ಬರವಿಲ್ಲ, ಇದಕ್ಕೂ ಒಂದು ಇರಲೇಬೇಕು.

ಅರಸೀಕೆರೆ, ಬೀರೂರು, ಹುಬ್ಬಳ್ಳಿ ಕಡೆ ಮೀಟರ್ ಗೇಜ್ ಕಾಲದಲ್ಲಿ ರೈಲ್ವೆಯಲ್ಲಿ ದುಡಿದವರು ಮನೆಯಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಕೇಳಿ ನೋಡಿ. ಅವರು ಶೆಡ್ಡಿನಲ್ಲಿ ಆ ಸದ್ದಿಗೆ ಏನೋ ಒಂದು ಅಂದಿರುತ್ತಾರೆ. ಹಾಗೇ ಇನ್ನೊಂದು. ಒಲೆಯ ತಳದಲ್ಲಿ ಕಲ್ಲಿದ್ದಲಿನ ಬೂದಿ ಕರಗಿ ಗಟ್ಟಿಯಾಗಿ ಕೂರುತ್ತಲ್ಲ, ಅದಕ್ಕೆ ನಾನು ಕಮ್ಮಾರರ "ಕಿಟ್ಟ" ಬಳಸಿದ್ದೇನೆ. ಫೈರ್‌ಮನ್‌ಗಳೂ ಹಾಗೇ ಅನ್ನುತ್ತಿದ್ದರೋ ಅಥವಾ ಕ್ಲಿಂಕರ್ ಅಂತಲೇ ಅನ್ನುತ್ತಿದ್ದರೋ, ಅದನ್ನೂ ಕೇಳಿ ತಿಳಿಸಿ. ಅಲ್ಲಿವರೆಗೂ ಆ ಭಾಗದ ಮಾತನ್ನು ಖಾಲಿ ಬಿಟ್ಟಿರುತ್ತೇನೆ.