ಪದಚರ್ಚೆ: ‘ಓವರ್‌ಹೈಪ್ಡ್’ ಬಾಕ್ಸರ್‌ನ ಎಂತ ಅಂತ ಕರೆಯೋದು? ಜೊಳ್ಳಾ, ಅಟ್ಟ ಹತ್ತಿದವನಾ, ಓಟಿ ಕಮ್ಮಿನಾ?

ಎಲ್ರಿಗೂ ನಮಸ್ಕಾರ. ಗೋಣಿಕೊಪ್ಪದಿಂದ ಬರೀತಿದೀನಿ. ಇಲ್ಲಿ ಮಳೆ, ಕರೆಂಟು ಯಾವಾಗ ಹೋಗುತ್ತೋ ಹೇಳಕ್ಕಾಗಲ್ಲ, ಅದಕ್ಕೆ ಒಂದೇ ಉಸಿರಲ್ಲಿ ಟೈಪ್ ಮಾಡ್ತಿದೀನಿ, ಕಾಗುಣಿತ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ವಿಷ್ಯ ಎಂತ ಅಂದ್ರೆ, ಇಲ್ಲಿನ ಒಂದು ಕ್ಲಬ್ಬಿನ ಸ್ಮರಣ ಸಂಚಿಕೆಗೆ ಬಾಕ್ಸಿಂಗ್ ಬಗ್ಗೆ ನಾಲ್ಕು ಪುಟ ಬರೆದು ಕೊಡಿ ಅಂತ ಕೇಳಿದ್ರು. ಕೊಡಗು ಅಂದ ಕೂಡ್ಲೇ ಎಲ್ರೂ ಹಾಕಿ ಹಾಕಿ ಅಂತಾರೆ, ಆದ್ರೆ ಅರ್ಜುನ ಪ್ರಶಸ್ತಿ ತಂದ ಬಾಕ್ಸರ್ ಸಿ.ಸಿ. ಮಾಚಯ್ಯನವ್ರೂ ಕೊಡಗಿನವ್ರೇ ಅಲ್ವಾ, ಅವ್ರಿಂದ ಶುರು ಮಾಡಿ ಹಾಗೇ ಈಗಿನ ಹೆವಿವೇಯ್ಟ್‌ಗಳ ಕಡೆ ಹೊರಳಿದೆ. ‘ಓವರ್‌ಹೈಪ್ಡ್’ (ಅಂದ್ರೆ ಇರೋ ತಾಕತ್ತಿಗಿಂತ ಜಾಸ್ತಿ ಹೊಗಳಿಸ್ಕೊಂಡೋನು) ಅನ್ನೋದ್ರ ಹತ್ರ ಬಂದು ಗಾಡಿ ನಿಂತೋಯ್ತು, ನಾಲ್ಕು ದಿನ ಆಯ್ತು, ಅಲ್ಲೇ ನಿಂತಿದೆ.

‘ಅತಿಯಾಗಿ ಬಿಂಬಿತ’ ಅಂತ ಪೇಪರ್‌ನಲ್ಲಿ ನೋಡಿದೀನಿ. ಸರ್ಕಾರಿ ಸುತ್ತೋಲೆ ಥರ ಇದೆ, ಯಾರ ಬಾಯಲ್ಲೂ ಬರಲ್ಲ. ಮಾತಲ್ಲಿ ನಾವು ಹೇಳೋದು ‘ಬರೀ ಬಿಲ್ಡಪ್ಪು ಮಾರಾಯ’ ಅಂತ. ಬಿಲ್ಡಪ್ ಒಳ್ಳೆ ಪದವೇ, ಅದನ್ನ ‘ಕೊಡ್ತಾರೆ’ ಅನ್ನೋದ್ರಲ್ಲಿ ಕೊಡೋನು ಒಬ್ಬ, ತಗೊಳೋನು ಒಬ್ಬ ಅಂತ ಗೊತ್ತಾಗುತ್ತೆ. ‘ಹೊಗಳಿ ಅಟ್ಟಕ್ಕೇರಿಸೋದು’ ಕೂಡ ಹಾಗೇ, ಏರಿಸ್ದೋನೇ ಆಮೇಲೆ ಏಣಿ ತೆಗೀತಾನೆ ಅನ್ನೋದು ಅದರ ಹಿಂದೇನೇ ಬರುತ್ತೆ. ವಚನದ ‘ಹೊನ್ನಶೂಲ’ ಇನ್ನೂ ಖಡಕ್ಕು, ಹೊಗಳಿಕೆಯೇ ಶೂಲ. ಆದ್ರೆ ಇವೆಲ್ಲಾ ಹೊಗಳೋರ ಕೆಲ್ಸ ಹೇಳೋ ಪದಗಳು. ಹೊಗಳಿಸ್ಕೊಂಡ ಆ ಹುಡುಗನ್ನ ಎಂತ ಅನ್ನೋದು?

ನನ್ನ ಮೊದಲ್ನೇ ಡ್ರಾಫ್ಟಲ್ಲಿ ‘ಜೊಳ್ಳು’ ಅಂತ ಬರೆದಿದ್ದೆ. ನಮ್ಮ ಭತ್ತದ ಗದ್ದೆಯವ್ರಿಗೆಲ್ಲಾ ಗೊತ್ತಿರೋ ಪದ, ನೋಡಕ್ಕೆ ಕಾಳೇ, ತೂರಿದ್ರೆ ಗಾಳಿಗೆ ಹೋಗುತ್ತೆ. ಇಂಗ್ಲೆಂಡಿನ ಹೆವಿವೇಯ್ಟ್ ಆಂಥನಿ ಜೋಶುವಾ ವಿಷ್ಯಕ್ಕೆ ಬರೆದಿದ್ದು ಅದು. 2012ರ ಲಂಡನ್ ಒಲಿಂಪಿಕ್ಸ್ ಚಿನ್ನ, ಆಮೇಲೆ 22 ಫೈಟು, 22ನ್ನೂ ಗೆದ್ದಿದ್ದ, ಅದ್ರಲ್ಲಿ 21 ನಾಕೌಟು. 2019ರ ಜೂನ್ 1ಕ್ಕೆ, ನಮಗೆ ಭಾನುವಾರ ಬೆಳಿಗ್ಗೆ, ನ್ಯೂಯಾರ್ಕಲ್ಲಿ ಅವನ ಎದುರು ಬಂದೋನು ಆಂಡಿ ರೂಯಿಜ್, ಅವನೂ ಬದಲಿ ಆಳು, ಮೊದ್ಲು ಗೊತ್ತಾಗಿದ್ದೋನು ಡ್ರಗ್ ಟೆಸ್ಟಲ್ಲಿ ಸಿಕ್ಕಿಬಿದ್ದಿದ್ದಕ್ಕೆ ಕರೆಸಿದ್ದು, ಹೊಟ್ಟೆ ಚಡ್ಡಿ ಮೇಲೆ ಇಳಿಬಿದ್ದಿತ್ತು, ನಮ್ಮನೇಲಿ ಟೀವಿ ನೋಡ್ತಿದ್ದೋರೆಲ್ಲಾ ನಕ್ಕರು. ಮೂರನೇ ರೌಂಡಲ್ಲಿ ಮೊದ್ಲು ಬಿದ್ದೋನೂ ರೂಯಿಜೇ. ಎದ್ದು ಬಂದು ಅದೇ ರೌಂಡಲ್ಲಿ ಜೋಶುವಾನ ಎರಡು ಸಲ ಕೆಡವಿದ, ಏಳನೇದ್ರಲ್ಲಿ ಇನ್ನೆರಡು ಸಲ, ರೆಫರಿ ನಿಲ್ಲಿಸಿಬಿಟ್ರು. ಸರಿ, ಜೊಳ್ಳು ಅಂತ ಬರೆದೆ, ಚೆನ್ನಾಗೇ ಕೂತ್ಕೊಳ್ತು.

ಆದ್ರೆ ಮುಂದಿನ ಪ್ಯಾರಾಕ್ಕೇ ಕೈ ಕೊಡ್ತು. ಯಾಕಂದ್ರೆ ಅದೇ ವರ್ಷ ಡಿಸೆಂಬರ್‌ನಲ್ಲಿ ಸೌದಿಯಲ್ಲಿ ಅದೇ ರೂಯಿಜ್ 283 ಪೌಂಡ್ ತೂಗಿ ಬಂದ, ಜೋಶುವಾ ಹನ್ನೆರಡು ರೌಂಡೂ ದೂರದಿಂದ್ಲೇ ಹೊಡೆದು, ಜೂನ್‌ನಲ್ಲಿ ಕಳ್ಕೊಂಡಿದ್ದ ಚಾಂಪಿಯನ್ ಬೆಲ್ಟ್ ವಾಪಸ್ ತಗೊಂಡ. ಜೊಳ್ಳು ಆರು ತಿಂಗಳಲ್ಲಿ ಗಟ್ಟಿ ಆಗುತ್ತಾ? ಒಂದ್ಸಲ ಜೊಳ್ಳು ಅಂದ್ಮೇಲೆ ಮುಗೀತು, ಅದನ್ನ ಯಾರೂ ಬಿತ್ತನೆಗೆ ಇಡಲ್ಲ. ಟೈಸನ್ 1990ರಲ್ಲಿ ಟೋಕಿಯೋದಲ್ಲಿ ಡಗ್ಲಾಸ್ ಕೈಲಿ ಬಿದ್ದ, ಡಗ್ಲಾಸ್ ಗೆಲ್ತಾನೆ ಅನ್ನೋದಕ್ಕೆ ಬೆಟ್ಟಿಂಗ್ ದರ 42ಕ್ಕೆ 1 ಇತ್ತು, ಅವನ್ನ ಯಾವ ಬಾಯಲ್ಲಿ ಜೊಳ್ಳು ಅನ್ನೋದು? ವ್ಲಾಡಿಮಿರ್ ಕ್ಲಿಚ್ಕೋ 2003ರಲ್ಲಿ ಸ್ಯಾಂಡರ್ಸ್ ಎದುರು ಎರಡೇ ರೌಂಡಿಗೆ ಮುಗಿದ, 2004ರಲ್ಲಿ ಬ್ರೂಸ್ಟರ್ ಎದುರು ಐದಕ್ಕೆ, ದವಡೆ ಗಾಜು, ಹಣೆಬರಹ ಇಷ್ಟೇ ಅಂದ್ರು. 2006ರಲ್ಲಿ ಮತ್ತೆ ಚಾಂಪಿಯನ್ ಆದೋನು 2015ರ ನವೆಂಬರ್‌ವರೆಗೆ ಸೋಲಲೇ ಇಲ್ಲ. ನನ್ನ ಲೇಖನಕ್ಕೆ ಬೇಕಿರೋದು ಇಂಥೋರಿಗೂ ಆಗೋ ಪದ, ಬಾಗಿಲು ಪೂರ್ತಿ ಹಾಕಿಬಿಡೋ ಪದ ಅಲ್ಲ.

ಇನ್ನೊಂದು ಜಗಳ ಮನೇಲೇ ಆಯ್ತು. ಡೇನಿಯಲ್ ಡುಬ್ವಾ ಅಂತ ಇನ್ನೊಬ್ಬ ಇಂಗ್ಲೆಂಡಿನೋನು. ಅವನೂ 15 ಫೈಟ್ ಸೋಲದೇ ಬಂದಿದ್ದ, 2020ರ ನವೆಂಬರ್‌ನಲ್ಲಿ ಜೋ ಜಾಯ್ಸ್ ಎದುರು ಹತ್ತನೇ ರೌಂಡಲ್ಲಿ ಮಂಡಿ ಊರಿ ಕೂತ, ಹತ್ತು ಎಣಿಸೋವರ್ಗೂ ಏಳ್ಲಿಲ್ಲ. ಎಲ್ರೂ ‘ಕ್ವಿಟ್ಟರ್’, ಅರ್ಧಕ್ಕೇ ಬಿಟ್ಟೋನು ಅಂತ ಉಗಿದ್ರು, ನಾನೂ ‘ಬೆನ್ನು ತೋರಿಸಿದ’ ಅಂತ ಬರೆದೆ. ಫೌಜಲ್ಲಿದ್ದು ಬಂದಿರೋ ನಮ್ಮ ದೊಡ್ಡಪ್ಪ, ರೆಜಿಮೆಂಟಿನಲ್ಲಿ ಗ್ಲೌಸ್ ಹಾಕಿದ್ದೋರು, ಪ್ರಿಂಟೌಟ್ ತಗೊಂಡು ಕನ್ನಡಕ ಏರಿಸಿ ಓದಿದೋರು ಆ ಸಾಲಿನ ಮೇಲೆ ಬೆರಳಿಟ್ಟು ‘ಇದನ್ನ ಹೊಡಿ’ ಅಂದ್ರು. ‘ಬೆನ್ನು ತೋರಿಸೋದು ಅಂದ್ರೆ ಓಡಿಹೋಗೋದು, ಇವನು ಎಲ್ಲಿ ಓಡ್ದ? ಕಣ್ಣಿನ ಗೂಡಿನ ಮೂಳೆ ಮುರಿದಿತ್ತು ಅಂತ ನೀನೇ ಕೆಳಗೆ ಬರೆದಿದೀಯಲ್ಲ.’ ಹಾಗಾದ್ರೆ ‘ಕೈ ಚೆಲ್ಲಿದ’ ಅನ್ಲಾ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು ‘ಅದಾಗ್ಬಹುದು, ಕೈ ಚೆಲ್ಲಿದೋನು ನಾಳೆ ಮತ್ತೆ ಕೈ ಹಾಕ್ಬಹುದು’ ಅಂದ್ರು. ಮೇಲ್ನೋಟಕ್ಕೆ ಎರಡೂ ಹೆಚ್ಚೂಕಮ್ಮಿ ಒಂದೇ ಅನ್ಸುತ್ತೆ, ಆದ್ರೆ ಮನೆಗೊಬ್ಬ ಫೌಜಿ ಇರೋ ನಮ್ಮ ಕಡೆ ಈ ವ್ಯತ್ಯಾಸ ಸಣ್ಣದಲ್ಲ. ಡುಬ್ವಾ ಕೈ ಹಾಕ್ದ ಕೂಡ, 2024ರ ಸೆಪ್ಟೆಂಬರ್‌ನಲ್ಲಿ ವೆಂಬ್ಲಿಯಲ್ಲಿ ಅದೇ ಜೋಶುವಾನ ಐದನೇ ರೌಂಡಿಗೆ ಮಲಗಿಸ್ದ. ಮುಂದಿನ ಜುಲೈಗೆ ಅದೇ ವೆಂಬ್ಲಿ, ಅದೇ ಐದನೇ ರೌಂಡು, ಉಕ್ರೇನಿನ ಉಸಿಕ್ ಕೈಲಿ ತಾನೇ ಮಲಗಿದ. ಇವರದೆಲ್ಲಾ ಮೇಲೆ ಕೆಳಗೆ ಮೇಲೆ ಕೆಳಗೆ, ಕಾಫಿ ರೇಟ್ ಥರ.

ಈ ‘ಹೆಸರು’ ಅನ್ನೋದ್ರ ಕ್ರಿಯಾಪದಗಳನ್ನೇ ನೋಡಿ. ಹೆಸರು ಬರುತ್ತೆ, ಮಾಡ್ತಾರೆ, ಉಳಿಸ್ಕೊಳ್ತಾರೆ, ಕೆಡಿಸ್ಕೊಳ್ತಾರೆ. ಹೋದ ಹೆಸರನ್ನ ಮತ್ತೆ ತಗೊಳೋದಕ್ಕೆ? ‘ಮರಳಿ ಪಡೆದರು’ ಅಂತ ಪುಸ್ತಕದಲ್ಲಿ ಇದೆ, ಬಾಯಲ್ಲಿ ಇಲ್ಲ. ‘ಚೇತರಿಸ್ಕೊಂಡ’ ಅಂದ್ರೆ ಜ್ವರದಿಂದ ಎದ್ದ ಹಾಗೆ. ವಿಜೇಂದರ್ ಸಿಂಗ್ ಪ್ರೊಫೆಷನಲ್ ಆಗಿ 12 ಗೆದ್ದಾಗ ‘ಸೋಲಿಲ್ಲದ ಸರದಾರ’ ಅನ್ನೋದು ಸುಲಭ, 2021ರಲ್ಲಿ ಗೋವಾದಲ್ಲಿ ಲೋಪ್ಸನ್ ಎದುರು ಸೋತ ಮೇಲೆ ಆ ಬಿರುದಲ್ಲಿ ಉಳಿಯೋದು ಏನು? ಬಾಕ್ಸಿಂಗಲ್ಲಿ ಆ ಸೋಲಿನ ಕಾಲಂನ ಸೊನ್ನೆಯೇ ಮಾರಾಟದ ಸರಕು ಅನ್ನೋದು ನಿಜ, ಪ್ರೊಮೋಟರ್‌ಗಳು ವಯಸ್ಸಾದೋರನ್ನ, ಸೋತು ಸುಣ್ಣ ಆದೋರನ್ನ ಹುಡುಕಿ ತಂದು ಎದುರು ನಿಲ್ಸೋದು ಅದನ್ನ ಕಾಯಕ್ಕೇ. ಆ ಎದುರಾಳಿಗಳಿಗೂ ಒಂದು ಪದ ಬೇಕು, ‘ಲೆಕ್ಕಕ್ಕೆ ಸೇರೋರು’ ಅಂತ ಸದ್ಯಕ್ಕೆ ಇಟ್ಟಿದೀನಿ, ಚೆನ್ನಾಗಿಲ್ಲ.

ಈಗ ನನ್ನ ಕೋರಿಕೆ. ಹೋದ ವಾರ ಮನೇಲಿ ಉಳಿದಿದ್ದ ಚೆರ್ರಿ ಕೊಡಕ್ಕೆ ಹೋಗಿದ್ದೆ. ಬೇರೆ ಕಡೆಯವ್ರಿಗೆ ಹೇಳ್ಬೇಕು, ಚೆರ್ರಿ ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ. ವ್ಯಾಪಾರಿ ಚೀಲದ ಹೊರಗಿಂದ ನೋಡಿ ರೇಟ್ ಹೇಳಲ್ಲ. ಚೂಪು ಕೊಳವೆಲಿ ಚೀಲಕ್ಕೆ ಚುಚ್ಚಿ ಒಂದಿಷ್ಟು ತೆಗೆದು, ತೂಗಿ, ಪುಟ್ಟ ಮಿಷನ್‌ಗೆ ಹಾಕಿ ಸಿಪ್ಪೆ ಬಿಡಿಸಿ, ತಟ್ಟೆಲಿ ಊದಿ, ಒಳಗಿನ ಬೀಜ ಮತ್ತೆ ತೂಗ್ತಾನೆ. 50 ಕೆಜಿ ಚೀಲಕ್ಕೆ 28 ಕೆಜಿ ಬೀಜ ಬೀಳೋ ಲೆಕ್ಕ ಬಂದ್ರೆ ಓಟಿ 28. ಔಟ್‌ಟರ್ನ್ ಅನ್ನೋದು ಇಲ್ಲಿ ಓಟಿ ಆಗಿ ಎಷ್ಟೋ ಕಾಲ ಆಯ್ತು, ಶಾಲೆಗೆ ಹೋಗದೇ ಇರೋರೂ ಅದನ್ನೇ ಹೇಳೋದು. ನಂದು 26 ಬಂತು. ‘ನೋಡಕ್ಕೆ ಜೋರಿತ್ತು ಅಣ್ಣ, ಓಟಿ ಕಮ್ಮಿ’ ಅಂದ. ಅಲ್ಲೇ ತಲೇಲಿ ಬಲ್ಬ್ ಹತ್ತಿದ್ದು. ಓಟಿ ಕಮ್ಮಿ ಅಂದ್ರೆ ಒಳಗೆ ಏನೂ ಇಲ್ಲ ಅಂತಲ್ಲ, ಹೇಳಿದಷ್ಟು ಇಲ್ಲ ಅಂತ. ಅದೇ ಗಿಡಕ್ಕೆ ಕಪಾತು ಮಾಡಿ (ರೆಂಬೆ ಸವರಿ), ಗೊಬ್ಬರ ಹಾಕಿ, ಹೂ ಅರಳಿಸೋ ಹೂಮಳೆ ಸರಿಯಾಗಿ ಬಿದ್ರೆ ಬರೋ ವರ್ಷ 28 ಬರ್ಬಹುದು. ‘2019ರ ಜೂನ್‌ನಲ್ಲಿ ಜೋಶುವಾನ ಓಟಿ ಕಮ್ಮಿ ಬಂತು’, ಹೇಗಿದೆ? ನನಗೇನೋ ಸರಿಯಾಗೇ ಕೇಳ್ಸುತ್ತೆ, ಆದ್ರೆ ಕೊಡಗು, ಸಕಲೇಶಪುರ, ಚಿಕ್ಕಮಗಳೂರು ದಾಟಿದ್ರೆ ಯಾರಿಗೂ ಅರ್ಥ ಆಗ್ಲಿಕ್ಕಿಲ್ಲ ಅನ್ನೋದೇ ತೊಂದ್ರೆ, ಸಂಚಿಕೆ ಬೆಂಗಳೂರಲ್ಲಿರೋ ನಮ್ಮೋರ ಮಕ್ಕಳಿಗೂ ಹೋಗುತ್ತಂತೆ.

ಅದಕ್ಕೆ ನಿಮ್ಮನ್ನ ಕೇಳ್ತಿದೀನಿ. ಕಬ್ಬು, ಅಡಿಕೆ, ಹತ್ತಿ, ಶೇಂಗಾ ಬೆಳೆಯೋ ಕಡೆ ಇಂಥದೇ ಅಳತೆ ಪದ ಇರ್ಲೇಬೇಕಲ್ಲ, ಹೊರಗಿನ ಗಾತ್ರಕ್ಕೂ ಒಳಗೆ ಸಿಕ್ಕಿದ್ದಕ್ಕೂ ಇರೋ ಫರಕು ಹೇಳೋದು, ಹೀಯಾಳಿಕೆ ಇಲ್ಲದ್ದು. ಧಾರವಾಡ ಕಡೆಯವ್ರು, ಶಿರಸಿಯವ್ರು ಯಾರಾದ್ರೂ ಹೇಳಿ. ಇನ್ನೊಂದು, ನೀವು ‘ಜೊಳ್ಳು’ ಅಂತೀರಾ ‘ಜಳ್ಳು’ ಅಂತೀರಾ? ನಮ್ಮನೇಲಿ ಎರಡೂ ನಡೆಯುತ್ತೆ, ದೊಡ್ಡಪ್ಪ ಮಾತ್ರ ಜಳ್ಳು ಅಂತಾರೆ, ಪ್ರೂಫ್ ತಿದ್ದೋದು ಅವರೇ. ಸೋಮವಾರ ಪ್ರೆಸ್ಸಿಗೆ ಕೊಡ್ಬೇಕು. ಕರೆಂಟ್ ಮಿಣುಕ್ತಿದೆ, ಕಳಿಸ್ತೀನಿ.