ಖ್ರಿಮಿಯಾನ್ ಹೈರಿಕ್: ಹೆಂಡತಿ, ಮಗಳಿದ್ದವರು ಬಿಷಪ್ ಆದದ್ದು ಹೇಗೆ?

ಪ್ರಶ್ನೆ:
ನನ್ನ ಮಗಳು ಯೆರೆವಾನ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಮೊನ್ನೆ ಗೆಳತಿಯ ಜೊತೆ ಎಚ್ಮಿಯಾಜಿನ್ ಚರ್ಚಿಗೆ ಹೋಗಿದ್ದಳು. ಅಲ್ಲಿ ಖ್ರಿಮಿಯಾನ್ ಹೈರಿಕ್ ಅವರ ಸಮಾಧಿ ಇದೆಯಂತೆ. 'ಇವರಿಗೆ ಮದುವೆಯಾಗಿ ಮಗಳೂ ಇದ್ದಳು' ಅಂದಳಂತೆ ಗೆಳತಿ. ಬಿಷಪ್ಪರು ಬ್ರಹ್ಮಚಾರಿಗಳಲ್ಲವೇ? ಕಾಗದದ ಸೌಟು ಅಂತ ಏನೋ ಕಥೆಯೂ ಇದೆಯಂತೆ. ತಿಳಿದವರು ಹೇಳಿ.

ಉತ್ತರ 1:
ಸಾರ್, ನಾನು ನಿವೃತ್ತ ಇತಿಹಾಸ ಮೇಷ್ಟ್ರು. ಈ ಮುದುಕರ ಮೇಲೆ ನನಗೆ ಹಳೆಯ ಅಕ್ಕರೆ, ಸ್ವಲ್ಪ ಉದ್ದ ಬರೆದರೆ ಬೇಸರ ಬೇಡ.

ಆರ್ಮೇನಿಯನ್ ಚರ್ಚಿನಲ್ಲಿ ಊರ ಪಾದ್ರಿಗೆ ಸಂಸಾರ ಇರಬಹುದು, ದೀಕ್ಷೆಗೆ ಮುಂಚೆಯೇ ಮದುವೆಯಾಗಿರಬೇಕು ಅಷ್ಟೆ. ಬಿಷಪ್ಪರು ಮಾತ್ರ ಸನ್ಯಾಸಿಗಳ ಸಾಲಿನಿಂದಲೇ ಬರಬೇಕು. ಹೆಂಡತಿ ತೀರಿಕೊಂಡವರಿಗೂ ಆ ಸಾಲಿಗೆ ದಾರಿ ಇದೆ. 1820ರಲ್ಲಿ, ಆಗ ತುರ್ಕಿ ಸುಲ್ತಾನನ ಆಳ್ವಿಕೆಯಲ್ಲಿದ್ದ ವಾನ್ ಊರಿನಲ್ಲಿ ಹುಟ್ಟಿದ ಮ್ಕ್ರ್ತಿಚ್ ಖ್ರಿಮಿಯಾನ್ ಮೊದಲು ನನ್ನ ಹಾಗೆ ಮೇಷ್ಟ್ರು. ಹೆಂಡತಿ, ಮಗಳು ಇಬ್ಬರನ್ನೂ ಕಳೆದುಕೊಂಡ ಮೇಲೆ, 1854ರಲ್ಲಿ ಅಖ್ತಮಾರ್ ದ್ವೀಪದಲ್ಲಿ ದೀಕ್ಷೆ ಪಡೆದು 'ವರ್ದಪೆತ್' ಆದರು, ಅಂದರೆ ಬೋಧಿಸುವ ಸನ್ಯಾಸಿ. ವರಾಗ್ ಮಠದಲ್ಲಿ ಶಾಲೆ ತೆರೆದರು, ಅಚ್ಚುಕೂಟ ಹಾಕಿದರು, 'ವಾಸ್ಪುರಕಾನಿನ ಗರುಡ' ಅನ್ನುವ ಪತ್ರಿಕೆ ತಂದರು. 1868ರಲ್ಲಿ ಬಿಷಪ್, ಮರುವರ್ಷವೇ ಕಾನ್‌ಸ್ಟಾಂಟಿನೋಪಲ್‌ನ (ಈಗಿನ ಇಸ್ತಾಂಬುಲ್) ಪೇಟ್ರಿಯಾರ್ಕ್, ಅಂದರೆ ಸುಲ್ತಾನನ ಸಾಮ್ರಾಜ್ಯದ ಆರ್ಮೇನಿಯನ್ನರ ಧರ್ಮಮುಖ್ಯಸ್ಥ. ಹಳ್ಳಿಗರ ಕಷ್ಟಗಳ ಪಟ್ಟಿಯನ್ನು ಸರ್ಕಾರದ ಮುಂದಿಡುತ್ತಲೇ ಹೋದರು, 1873ರಲ್ಲಿ ಪದವಿ ಬಿಡಬೇಕಾಯಿತು.

ಇನ್ನು ಸೌಟು. ರಷ್ಯಾ-ತುರ್ಕಿ ಯುದ್ಧ ಮುಗಿದ ಮೇಲೆ ಯೂರೋಪಿನ ದೊಡ್ಡ ದೇಶಗಳು ಸೇರಿದ 1878ರ ಬರ್ಲಿನ್ ಸಮ್ಮೇಳನಕ್ಕೆ ಆರ್ಮೇನಿಯನ್ನರ ಅಹವಾಲು ಹಿಡಿದು ಹೋದವರು ಇವರೇ. ಒಳಗೆ ಕೂರಲು ಜಾಗ ಸಿಗಲಿಲ್ಲ. ಒಪ್ಪಂದದ 61ನೇ ಕಲಮಿನಲ್ಲಿ ಸುಧಾರಣೆಯ ಮಾತೇನೋ ಬಂತು, ಆದರೆ ಅದನ್ನು ಜಾರಿಗೆ ತರಿಸುವ ಸೈನ್ಯ ಅಲ್ಲಿ ಇರಲಿಲ್ಲ. ಊರಿಗೆ ಬಂದು ಪ್ರವಚನದಲ್ಲಿ ಹೇಳಿದ್ದು ಹೀಗೆ: ಮೇಜಿನ ಮೇಲೆ ದೊಡ್ಡ ಹಂಡೆಯಲ್ಲಿ ಹರಿಸಾ ಇತ್ತು. ಬಲ್ಗೇರಿಯನ್ನರು, ಸರ್ಬಿಯನ್ನರು, ಮೊಂಟೆನೆಗ್ರಿನವರು ಕಬ್ಬಿಣದ ಸೌಟು ತಂದಿದ್ದರು, ಬಡಿಸಿಕೊಂಡು ಹೋದರು. ನನ್ನ ಕೈಯಲ್ಲಿದ್ದದ್ದು ಅರ್ಜಿ, ಕಾಗದ. ಅದ್ದಿದ ಕೂಡಲೇ ಅದು ಹರಿಸಾದಲ್ಲೇ ಕರಗಿಹೋಯಿತು, ಬರಿಗೈಲಿ ಬಂದೆ.

ಉತ್ತರ 2:
ಕಬ್ಬಿಣದ ಸೌಟು ಅಂದರೆ ಬಂದೂಕು ತಾನೇ? ಧರ್ಮಗುರು ಆಡುವ ಮಾತೇ ಇದು?

ಉತ್ತರ 1:
ಹೌದು, ಕೇಳಿದವರಿಗೂ ಹಾಗೇ ಅರ್ಥವಾಯಿತು. ಮುಚ್ಚುಮರೆ ಏನಿಲ್ಲ. ಆದರೆ ಮೊದಲು ಕಾಗದವನ್ನೇ ನಂಬಿ ಅಷ್ಟು ದೂರ ಹೋದವರೂ ಅವರೇ, ಅದನ್ನು ಮರೆಯಬೇಡಿ. ಸುಲ್ತಾನ ಅವರನ್ನು ಜೆರುಸಲೇಮಿಗೆ ಅಟ್ಟಿದ. ಅಲ್ಲಿದ್ದಾಗಲೇ, 1892ರಲ್ಲಿ, ಇಡೀ ಆರ್ಮೇನಿಯನ್ನರ ಕಥೋಲಿಕೋಸ್, ಅಂದರೆ ಎಚ್ಮಿಯಾಜಿನ್‌ನಲ್ಲಿ ಕೂರುವ ಚರ್ಚಿನ ಪರಮಗುರು, ಆಗಿ ಆಯ್ಕೆಯಾದರು, ಪಟ್ಟವೇರಿದ್ದು ಮರುವರ್ಷ. ಎಚ್ಮಿಯಾಜಿನ್ ಆಗ ರಷ್ಯಾದ ಆಳ್ವಿಕೆಯಲ್ಲಿತ್ತು; 1903ರಲ್ಲಿ ಚರ್ಚಿನ ಆಸ್ತಿ ವಶಪಡಿಸಿಕೊಳ್ಳಲು ರಷ್ಯಾದ ದೊರೆ ತ್ಸಾರ್ ಆಜ್ಞೆ ಹೊರಡಿಸಿದಾಗ ಎಂಬತ್ತು ದಾಟಿದ ಈ ಅಜ್ಜ ಬಗ್ಗಲಿಲ್ಲ. 1905ರಲ್ಲಿ ಆಜ್ಞೆ ವಾಪಸಾಯಿತು. ತೀರಿಕೊಂಡದ್ದು 1907ರಲ್ಲಿ. 'ಹೈರಿಕ್' ಪದವಿಯ ಹೆಸರಲ್ಲ, ಜನ ಕರೆದದ್ದು. ನಮ್ಮ ಕಡೆ ಅಪ್ಪಯ್ಯ ಅಂದ ಹಾಗೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಮೇಷ್ಟ್ರೇ, ಮಗಳಿಗೆ ಹಾಗೇ ಕಳಿಸಿದೆ. ಹರಿಸಾ ಅಂದರೇನು ಅಂತ ಈಗ ನನಗೇ ಕುತೂಹಲ.

ಉತ್ತರ 1:
ಗೋಧಿ, ಮಾಂಸ ಎರಡೂ ಒಂದಾಗುವವರೆಗೆ ಗಂಟೆಗಟ್ಟಲೆ ಬೇಯಿಸಿದ ಗಂಜಿ. ರಂಜಾನಿನಲ್ಲಿ ಸಿಗುವ ಹಲೀಮಿನ ದಾಯಾದಿ, ಮಸಾಲೆ ಮಾತ್ರ ಇಲ್ಲ. ಮಗಳು ಮಾಂಸ ತಿನ್ನುವವಳಾದರೆ ಮೇಲೆ ಬೆಣ್ಣೆ ಹಾಕಿಸಿಕೊಳ್ಳಲು ಹೇಳಿ.