ಕಮಿಟ್‌ನಲ್ಲಿ ಸಹಲೇಖಕರ ಹೆಸರು: ‘ಗಿಟ್ ಮಾಬ್’ ಕುರಿತ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಗಿಟ್‌ನಲ್ಲಿ (ಕೋಡ್‌ನ ಬದಲಾವಣೆಗಳ ಇತಿಹಾಸ ಕಾಪಾಡುವ ತಂತ್ರಾಂಶ) ‘ಗಿಟ್ ಮಾಬ್’ (ಜೊತೆಗೂಡಿ ಬರೆದವರ ಹೆಸರು ಸೇರಿಸುವ ಸಾಧನ) ಕೊಟ್ಟು ಜೊತೆಗಾರರನ್ನು ಸೇರಿಸಿಕೊಂಡಿದ್ದರೂ, ‘ಗಿಟ್ ಕಮಿಟ್ -ಎಂ’ ಎಂದು ಸಂದೇಶವನ್ನು ಆದೇಶದಲ್ಲೇ ಕೊಟ್ಟು ಮಾಡಿದ ಕಮಿಟ್‌ಗಳಲ್ಲಿ (ದಾಖಲಿಸಿದ ಬದಲಾವಣೆಗಳಲ್ಲಿ) ಅವರ ಹೆಸರು ಬರುತ್ತಿಲ್ಲ. ಏಕೆ?

ಉತ್ತರ: ಈ ಸಾಧನ ಹೆಸರುಗಳನ್ನು ಸಂದೇಶದ ಟೆಂಪ್ಲೇಟ್‌ಗೆ ಬರೆಯುತ್ತದೆ, ಟೆಂಪ್ಲೇಟ್ ತೆರೆದುಕೊಳ್ಳುವುದು ಎಡಿಟರ್‌ನಲ್ಲಿ ಮಾತ್ರ. -ಎಂ ಬಳಸುವವರು ‘ಪ್ರಿಪೇರ್-ಕಮಿಟ್-ಎಂಎಸ್‌ಜಿ’ ಹುಕ್ (ಕಮಿಟ್ ಮಾಡುವಾಗ ತಾನಾಗಿ ನಡೆಯುವ ಸ್ಕ್ರಿಪ್ಟ್) ಅಳವಡಿಸಿಕೊಳ್ಳಬೇಕು. ಹುಕ್ ಬೇಡವೆನ್ನುವವರಿಗೆ ಗಿಟ್ 2.32ರಿಂದ (2021) ಸಂದೇಶದ ಕೊನೆಗೆ ಹೆಸರಿನ ಸಾಲು ಸೇರಿಸುವ ‘ಗಿಟ್ ಕಮಿಟ್ --ಟ್ರೇಲರ್’ ಇದೆ.

ಪ್ರಶ್ನೆ: ಸಹೋದ್ಯೋಗಿಯೊಬ್ಬರು ವರ್ಷವಿಡೀ ನನ್ನೊಂದಿಗೆ ಕುಳಿತು ಕೋಡ್ ಬರೆದಿದ್ದಾರೆ, ಆದರೆ ದಾಖಲೆಯಲ್ಲಿ ಎಲ್ಲಿಯೂ ಅವರು ಕಾಣುವುದಿಲ್ಲ. ಈಗ ಅವರ ಬಡ್ತಿಯ ಪರಿಶೀಲನೆ ನಡೆಯುತ್ತಿದೆ. ‘ಫಿಲ್ಟರ್-ಬ್ರಾಂಚ್’ (ಇತಿಹಾಸವನ್ನು ಮತ್ತೆ ಬರೆಯುವ ಆದೇಶ) ನಡೆಸಿ ಹಳೆಯ ಸಂದೇಶಗಳಿಗೆಲ್ಲ ಹೆಸರು ಸೇರಿಸಿ, ‘ಪುಶ್ --ಫೋರ್ಸ್’ (ಸರ್ವರ್‌ಗೆ ಬಲವಂತವಾಗಿ ಕಳಿಸುವುದು) ಮಾಡಿ ಎಂಬ ಸೂತ್ರ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಮಾಡಬಹುದೇ?

ಉತ್ತರ: ದಯವಿಟ್ಟು ಮಾಡಬೇಡಿ. ಕಮಿಟ್‌ನ ಹ್ಯಾಶ್ (ಗುರುತಿನ ಸಂಖ್ಯೆ) ಅದರ ಸಂದೇಶವನ್ನೂ ಹಿಂದಿನ ಕಮಿಟ್‌ನ ಹ್ಯಾಶನ್ನೂ ಒಳಗೊಂಡು ಲೆಕ್ಕವಾಗುವುದರಿಂದ, ಹಳೆಯ ಒಂದೇ ಸಂದೇಶವನ್ನು ತಿದ್ದಿದರೂ ಅಲ್ಲಿಂದ ಮುಂದಿನದೆಲ್ಲ ಬದಲಾಗುತ್ತದೆ. ಉಳಿದವರ ಪ್ರತಿಗಳು ಹೊಂದುವುದಿಲ್ಲ, ಡಿಜಿಟಲ್ ಸಹಿಗಳು ಉಳಿಯುವುದಿಲ್ಲ, ದೋಷ ವರದಿಗಳಲ್ಲಿ ಉಲ್ಲೇಖಿಸಿದ ಕಮಿಟ್‌ಗಳು ಹೊಸ ಇತಿಹಾಸದಲ್ಲಿ ಸಿಗುವುದಿಲ್ಲ. ‘ಫಿಲ್ಟರ್-ಬ್ರಾಂಚ್’ ಬೇಡವೆಂದು ಗಿಟ್‌ನ ಕೈಪಿಡಿಯೇ ಎಚ್ಚರಿಸುತ್ತದೆ. ಮೊದಲು ಕಮಿಟ್‌ಗಳ ಪಟ್ಟಿ ತೋರಿಸುವ ‘ಗಿಟ್ ಲಾಗ್’ನಲ್ಲಿ ಹಳೆಯ ಸಂದೇಶವೊಂದನ್ನು ನೋಡಿ. ಮೇಲೆ ಒಂದು ಖಾಲಿ ಸಾಲು ಬಿಟ್ಟು, ಕೊನೆಯ ಪ್ಯಾರಾದಲ್ಲಿ ‘ಕೋ-ಆಥರ್ಡ್-ಬೈ: ಹೆಸರು <ಇಮೇಲ್>’ ಎಂದು ಇದ್ದರೆ, ಹೊಂದದಿರುವುದು ಇಮೇಲ್ ಇರಬಹುದು, ಆ ವಿಳಾಸವನ್ನು ಅವರು ತಮ್ಮ ಗಿಟ್‌ಹಬ್ (ಕೋಡ್ ಇಡುವ ತಾಣ) ಖಾತೆಗೆ ಸೇರಿಸಿ ದೃಢೀಕರಿಸಲಿ, ಇತಿಹಾಸವನ್ನು ಮುಟ್ಟಬೇಕಾಗಿಲ್ಲ. ಸಾಲೇ ಇಲ್ಲದಿದ್ದರೆ, ಯಾವ ಯಾವ ಭಾಗ ಇಬ್ಬರ ಕೆಲಸವೆಂದು ಕಾಂಟ್ರಿಬ್ಯೂಟರ್ಸ್ (ಕೊಡುಗೆದಾರರ) ಕಡತದಲ್ಲಿ ಸ್ಪಷ್ಟವಾಗಿ ಬರೆದು ಇಂದಿನ ದಿನಾಂಕದಲ್ಲೇ ಕಮಿಟ್ ಮಾಡಿ, ಪರಿಶೀಲಕರಿಗೆ ನೀವೇ ಪತ್ರ ಬರೆಯಿರಿ. ಅವರ ಶ್ರಮಕ್ಕೆ ಸಾಕ್ಷಿ ನೀವೇ ಅಲ್ಲವೇ?

ಹುಬ್ಬಳ್ಳಿಯ ಸದಸ್ಯರು: ಅಷ್ಟೆಲ್ಲ ಏಕೆ? ‘--ಅಲೌ-ಎಂಪ್ಟಿ’ ಹಾಕಿ ಅವರ ಹೆಸರಿನಲ್ಲಿ ಖಾಲಿ ಕಮಿಟ್‌ಗಳನ್ನು ಮಾಡಿದರೆ ಗಿಟ್‌ಹಬ್‌ನಲ್ಲಿ ಅವರ ಕೊಡುಗೆ ತೋರಿಸುವ ಗ್ರಾಫ್ ಹಸಿರಾಗುತ್ತದೆ. ಈ ಸಂದೇಶ ಎಲ್ಲ ಗುಂಪುಗಳಲ್ಲೂ ಇದೆ.

ಉತ್ತರ: ಇಂತಹ ಫಾರ್ವರ್ಡ್‌ಗಳನ್ನು ಇಲ್ಲಿ ಹಾಕಬೇಡಿ. ಮಾಡದ ಕೆಲಸದ ದಾಖಲೆ ಸೃಷ್ಟಿಸಿದರೆ, ಅವರು ನಿಜವಾಗಿ ಮಾಡಿದ ಕೆಲಸದ ಮೇಲೂ ಅನುಮಾನ ಬರುತ್ತದೆ.



ಪ್ರಶ್ನೆ: ಕೋಡ್ ರಿವ್ಯೂ (ಪರಿಶೀಲನೆ) ಮಾಡಿದ ಹಿರಿಯರನ್ನೂ ಸಹಲೇಖಕರೆಂದು ಸೇರಿಸಬೇಕೇ?

ಹುಬ್ಬಳ್ಳಿಯ ಸದಸ್ಯರು: ಖಂಡಿತ. ಅವರ ಒಪ್ಪಿಗೆಯಿಲ್ಲದೆ ಕೋಡ್ ಒಳಗೆ ಹೋಗುವುದಿಲ್ಲ.

ಪುಣೆಯ ಸದಸ್ಯೆ: ಒಪ್ಪುವುದಿಲ್ಲ. ಲಿನಕ್ಸ್ ಕರ್ನಲ್‌ನಲ್ಲಿ (ಆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನಲ್ಲಿ) ಪರಿಶೀಲಿಸಿದವರಿಗೆ ‘ರಿವ್ಯೂಡ್-ಬೈ’, ಜೊತೆಗೂಡಿ ಬರೆದವರಿಗೆ ‘ಕೋ-ಡೆವಲಪ್ಡ್-ಬೈ’ ಎಂದು ಬೇರೆ ಬೇರೆ ಸಾಲುಗಳಿವೆ. ಎರಡನೆಯದರ ಬೆನ್ನಿಗೇ ಅದೇ ವ್ಯಕ್ತಿಯ ‘ಸೈನ್ಡ್-ಆಫ್-ಬೈ’ (ಸಹಿಯ ಸಾಲು) ಇರಲೇಬೇಕು.

ಹುಬ್ಬಳ್ಳಿಯ ಸದಸ್ಯರು: ಸಣ್ಣ ಕಂಪನಿಗೆ ಕರ್ನಲ್‌ನ ನಿಯಮವೇಕೆ? ನೀವು ಹಿರಿಯರಾದಾಗ ತಿಳಿಯುತ್ತದೆ.

ಪುಣೆಯ ಸದಸ್ಯೆ: ವಯಸ್ಸಿನ ಮಾತು ಬೇಡ. ದೋಷ ಬಂದ ದಿನ ಆ ಹಿರಿಯರು ‘ನಾನು ಬರೆದಿದ್ದಲ್ಲ’ ಎನ್ನುವುದಿಲ್ಲವೇ?

ಪ್ರಶ್ನೆ: ಸರ್, -ಎಂ ಕೊಟ್ಟರೆ ಹೆಸರು ಬರುತ್ತಿಲ್ಲ.

ಉತ್ತರ: ಮೊದಲ ಉತ್ತರ ಓದಿ.

ಪ್ರಶ್ನೆ: ನಿನ್ನೆ ಜೊತೆಗಿದ್ದವರ ಹೆಸರು, ಇಂದು ನಾನೊಬ್ಬನೇ ಬರೆದ ಕಮಿಟ್‌ಗೂ ಬಂದಿದೆ.

ಉತ್ತರ: ಜೊತೆಗಾರರ ಹೆಸರು ತೆಗೆಯುವ ‘ಗಿಟ್ ಸೋಲೋ’ ಕೊಡದೆ ಎದ್ದಿದ್ದೀರಿ. ಪುಶ್ ಮಾಡಿಲ್ಲವಾದರೆ ‘ಗಿಟ್ ಕಮಿಟ್ --ಅಮೆಂಡ್’ (ಕೊನೆಯ ಕಮಿಟ್ ತಿದ್ದುವ ಆದೇಶ) ಮಾಡಿ ಆ ಸಾಲನ್ನು ಅಳಿಸಿ.

ಪ್ರಶ್ನೆ: ಪುಶ್ ಆಗಿದ್ದರೆ ಫೋರ್ಸ್ ಮಾಡಲೇ?

ಉತ್ತರ: ಅದನ್ನು ಮೇಲೆ ಉದ್ದಕ್ಕೆ ಬರೆದಿದ್ದೇನೆ. ಓದದೆ ಕೇಳುವವರಿಗೆ ಇನ್ನು ಉತ್ತರಿಸುವುದಿಲ್ಲ.